ಒಂಬತ್ತನೆಯ ಪಾಠ

"ಇದು ನಾನಲ್ಲ," ಅಂದರು ದಫೇದಾರರು.

ಮೇಜಿನ ಮೇಲಿದ್ದ ಚಿಕ್ಕ ಕರಿ ಡಬ್ಬಿಯೊಳಗಿಂದ ಅವರದೇ ಗಂಟಲು ಮಾತಾಡುತ್ತಲೇ ಇತ್ತು. ಮಾತಿಗೆ ಮೊದಲು ಬರುವ ಆ ಸಣ್ಣ ಕೆಮ್ಮು, 'ನೋಡಪ್ಪಾ' ಅನ್ನುವಾಗ ಕೊನೆಯಲ್ಲಿ ಎಳೆಯುವ ರೀತಿ, ಲಾರಿಗಳ ಸದ್ದಿನ ಮೇಲೆ ಮೂವತ್ತನಾಲ್ಕು ವರ್ಷ ಕೂಗಿ ಕೂಗಿ ಒಡೆದುಹೋದ ದನಿ, ಯಾವುದೂ ಬಿಟ್ಟುಹೋಗಿರಲಿಲ್ಲ.

"ನೋಡಪ್ಪಾ, ನಾನು ದಫೇದಾರ. ನನ್ನ ಫೋನು ಸತ್ತಿದೆ, ಇದು ಬೇರೆಯವರದು. ಈಗೊಂದು ಬಿಳಿ ವ್ಯಾನು ಬರುತ್ತೆ. ಚೀಟಿ ಆಮೇಲೆ ಕಳಿಸ್ತಾರೆ. ತಡೀಬೇಡ, ಒಳಗೆ ಬಿಡು."

"ಆಯ್ತು ದಫೇದಾರ್ರೇ, ಬಿಟ್ಟೆ ಅಂತ ತಿಳ್ಕೊಳ್ಳಿ," ಅಂದಿತು ಇನ್ನೊಂದು ದನಿ. ಅದರ ಹಿಂದೆಯೇ ಕಬ್ಬಿಣದ ಗಾಲಿ ಹಳಿಯ ಮೇಲೆ ಕಿರುಗುಟ್ಟುತ್ತಾ ಉರುಳಿದ ಸದ್ದು.

ಗಾಲಿಯ ಸದ್ದು ಕೇಳಿ ಯಾವ ಗೇಟು ಅಂತ ಹೇಳಬಲ್ಲವರು ಅವರು. ಇದು ಐದನೇ ಗೇಟು. ಆ ಗಾಲಿಗೆ ಎಣ್ಣೆ ಬಿಡಿ ಅಂತ ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ಹೇಳಿದ್ದರು. ಇನ್ನೂ ಬಿಟ್ಟಿಲ್ಲ.

"ನಾನು ಯಾರಿಗೂ ಹೀಗೆ ಫೋನ್ ಮಾಡಿಲ್ಲ," ಅಂದರು ಮತ್ತೆ. "ಮಾಡೋನೂ ಅಲ್ಲ."

"ಗೊತ್ತು ದಫೇದಾರ್ರೇ," ಅಂದಳು ಪಾಠದ ಮೇಡಂ. ಅವಳ ದನಿಯೂ ಸಣ್ಣದಾಗಿತ್ತು. "ಇದು ಯಂತ್ರದ ದನಿ. ನಾವು ಟೈಪ್ ಮಾಡಿದ್ದನ್ನ ಅದು ನಿಮ್ಮ ಹಾಗೆ ಹೇಳುತ್ತೆ. ಒಂಬತ್ತನೇ ಪಾಠದಲ್ಲಿ ನೀವೇ ವಿವರಿಸಿದ್ರಲ್ಲ, ಅದೇ. ಮೂರು ದಿನದ ಹಿಂದೆ ಡ್ರಿಲ್ ಮಾಡಿದ್ವಿ, ಪಾಠ ತಲೆಗೆ ಹೋಗಿದೆಯಾ ಅಂತ ನೋಡೋಕೆ."

ಮೇಜಿನ ಆ ತುದಿಯಲ್ಲಿ ಸೆಕ್ಯುರಿಟಿ ಕಂಪನಿಯ ಮ್ಯಾನೇಜರ್ ಕೂತಿದ್ದ. ಮುಂದೊಂದು ಕಾಗದ, ಹನ್ನೆರಡು ಗೇಟಿಗೆ ಹನ್ನೆರಡು ಸಾಲು. ಐದನೇ ಸಾಲಿನ ಎದುರು ಇಂಟು ಗುರುತು ಹಾಕಿದ. ಮೇಲೆ ಆಗಲೇ ಮೂರು ಇಂಟುಗಳಿದ್ದವು. ಮೂರನೇ ಸಾಲನ್ನು ಮಾತ್ರ ಯಾಕೋ ಖಾಲಿ ಬಿಟ್ಟಿದ್ದ.

ದಫೇದಾರರು ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಹಾಗೆ ನೋಡಿದರೆ ಈ ಆಫೀಸಿಗೆ ಅವರು ಮೊದಲ ಸಲ ಬಂದದ್ದು ಎಂಟು ತಿಂಗಳ ಹಿಂದೆ. ಮೂರು ಕೋಣೆ, ಒಂದು ಉದ್ದ ಗೋಡೆ. ಆ ಗೋಡೆ ತುಂಬ ಹಳದಿ ಚೀಟಿಗಳು. ಕಾವಲಿನ ಕೆಲಸದವರಿಗೆ ಹೊಸ ಹೊಸ ಯಂತ್ರಗಳ ವಿಷಯ ಫೋನಿನಲ್ಲೇ ಕಲಿಸುವ ಪಾಠಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಮುಖ ಗುರುತಿಸುವ ಕ್ಯಾಮೆರಾ, ಕಾಂಪೌಂಡಿನ ಮೇಲೆ ಹಾರಿಬರುವ ಡ್ರೋನು, ಫೋನಿನಲ್ಲಿ ತೋರಿಸುವ ಗೇಟ್ ಪಾಸು, ಹೀಗೆ. ಒಂದೊಂದು ಪಾಠ ಏಳು ನಿಮಿಷ, ಅದರ ಕೊನೆಗೆ ಮೂರು ಪ್ರಶ್ನೆ. ಏಳು ನಿಮಿಷ ದಾಟಿದರೆ ಮನುಷ್ಯನ ಗಮನ ನಿಲ್ಲುವುದಿಲ್ಲ ಅಂತ ಮೇಡಂ ಲೆಕ್ಕ ಹಾಕಿಟ್ಟಿದ್ದಳು. ಗೇಟಿನ ಸಂಗತಿ ಏನಿದ್ದರೂ ದಫೇದಾರರನ್ನು ಕೇಳಿ ಅಂತ ಮ್ಯಾನೇಜರ್ ಅವರನ್ನು ಕಳಿಸಿಕೊಟ್ಟಿದ್ದ.

ಮೊದಲ ದಿನ ಅವಳು ಎರಡು ಪಾಠ ತೋರಿಸಿದಳು. ತೆರೆಯ ತುಂಬ ಅಕ್ಷರ. ದಫೇದಾರರು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಅವರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ವಾಹನದ ನಂಬರು ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸಾಲು ಸಾಲು ಓದು ಅಂದರೆ ಮಾತ್ರ ಕಣ್ಣು ಜಾರುತ್ತಿತ್ತು.

"ಮಗಳೇ, ಇದನ್ನ ಓದೋರು ಯಾರು?" ಅಂದರು.

"ಗಾರ್ಡುಗಳು."

"ಗಾರ್ಡು ಬಿಸಿಲಲ್ಲಿ ನಿಂತಿರ್ತಾನೆ. ಒಂದು ಕಣ್ಣು ರಸ್ತೆ ಮೇಲೆ, ಒಂದು ಕಣ್ಣು ಒಳಗಿನ ಸಾಹೇಬರ ಮೇಲೆ. ನಿನ್ನ ಅಕ್ಷರಕ್ಕೆ ಮೂರನೇ ಕಣ್ಣು ಎಲ್ಲಿಂದ ತರ್ತಾನೆ? 'ಮುಂದೆ, ಮುಂದೆ' ಅಂತ ಒತ್ತಿ ಪಾಸಾಗ್ತಾನೆ ಅಷ್ಟೆ. ಓದಿಸಬೇಡ, ಹೇಳು. ಕಿವಿ ಒಂದು ಖಾಲಿ ಇರುತ್ತೆ, ಅದರೊಳಗೆ ಹಾಕು."

ಅವಳು ಎದ್ದು ಗೋಡೆಯ ನಲವತ್ತು ಚೀಟಿಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು. ಇಷ್ಟು ಓದಿದ ಹುಡುಗಿ ತನ್ನ ಒಂದು ಮಾತಿಗೆ ಒಂದು ತಿಂಗಳ ಕೆಲಸ ಕಿತ್ತುಹಾಕುವುದನ್ನು ನೋಡಿ ದಫೇದಾರರಿಗೆ ಎದೆ ಉಬ್ಬಿದ್ದು ಸುಳ್ಳಲ್ಲ. ಯಾರ ದನಿಯಲ್ಲಿ ಹೇಳಿಸುವುದು ಅಂತ ಕೇಳುವ ಅಗತ್ಯವೇ ಬರಲಿಲ್ಲ.

ದನಿ ಹಿಡಿಯುವ ಗೂಡು ಕೊನೆಯ ಕೋಣೆಯಲ್ಲಿ. ಗೋಡೆಗೆಲ್ಲ ಸ್ಪಂಜು, ಒಂದು ಸ್ಟೂಲು, ಒಂದು ಲೋಟ ನೀರು. ಫೋನು ಹೊರಗಿನ ತಟ್ಟೆಯಲ್ಲಿ ಸದ್ದು ಮುಚ್ಚಿ ಇಟ್ಟು ಒಳಗೆ ಹೋಗಬೇಕು. ಗಾಜಿನ ಆಚೆಯಿಂದ ಮೇಡಂ, "ದನಿಯ ಮಟ್ಟ ನೋಡ್ಬೇಕು, ಏನಾದ್ರೂ ಮಾತಾಡಿ" ಅಂದಳು. ಏನು ಮಾತಾಡುವುದು? ಗಾಜಿನಾಚೆ ಅವಳ ಬಾಡಿದ ಮುಖ, ಪಕ್ಕದಲ್ಲಿ ಅರ್ಧ ತಿಂದ ಬಿಸ್ಕತ್ತು ಪೊಟ್ಟಣ ಕಂಡವು. "ಊಟ ಆಯ್ತಾ ಮಗಳೇ? ಬೆಳಗ್ಗಿಂದ ಏನೂ ತಿಂದ ಹಾಗಿಲ್ಲ, ಮುಖ ನೋಡು ಹೇಗಾಗಿದೆ," ಅಂದರು. ಅವಳು ನಕ್ಕಳು. ಅಲ್ಲಿಂದ ಮುಂದೆ ಎಂಟು ತಿಂಗಳು ಮಟ್ಟ ನೋಡುವ ಮಾತು ಅದೇ ಆಯಿತು.

ಹೀಗೆ ಹನ್ನೆರಡು ಗೇಟಿನ ಕಿವಿಗಳಲ್ಲಿ ದಫೇದಾರರು ಕೂತುಬಿಟ್ಟರು. ಒಂಬತ್ತನೆಯ ಪಾಠ ಎಲ್ಲರಿಗೂ ಬಾಯಿಪಾಠ: "ಫೋನಲ್ಲಿ ಬಂದ ದನಿ ನಂಬಬೇಡ. ಫೋನ್ ಇಡು. ನಿನ್ನ ಹತ್ತಿರ ಇರೋ ನಂಬರಿಗೆ ನೀನೇ ತಿರುಗಿ ಮಾಡು." ಮೂರು ಪ್ರಶ್ನೆಗೂ ಹೆಚ್ಚುಕಮ್ಮಿ ಎಲ್ಲರೂ ಸರಿಯುತ್ತರ ಒತ್ತಿದ್ದರು.

ಕರಿ ಡಬ್ಬಿ ಒಂದೊಂದೇ ಕರೆಯನ್ನು ಹೊರಗೆ ಹಾಕುತ್ತಾ ಹೋಯಿತು. ಆರನೇ ಗೇಟು ಬಿಟ್ಟಿತು. ಏಳು ಬಿಟ್ಟಿತು. ಎಂಟನೇ ಗೇಟಿನವನು, "ನಿಮ್ಮ ಪಾಠ ಕೇಳ್ತಾ ಇದ್ದೆ ದಫೇದಾರ್ರೇ, ಅಷ್ಟರಲ್ಲಿ ನಿಮ್ಮದೇ ಫೋನು, ನೂರು ವರ್ಷ ಆಯಸ್ಸು ನಿಮಗೆ" ಅಂತ ನಕ್ಕು ವ್ಯಾನು ಬಿಟ್ಟ. ಒಂಬತ್ತು, ಹತ್ತು, ಹನ್ನೆರಡೂ ಅಷ್ಟೆ. ಒಬ್ಬನಾದರೂ ಫೋನ್ ಇಡಲಿಲ್ಲ. ಇಡಬೇಕಾದದ್ದು ಯಾವನೋ ಕಳ್ಳನ ದನಿ ಬಂದಾಗ. ದಫೇದಾರರದೇ ದನಿ ಬಂದರೆ ಇಡುವುದುಂಟೇ? ದಿನಾ ಕಿವಿಯಲ್ಲಿ ಕೂತು ಕಲಿಸಿದ ದನಿ.

"ಹನ್ನೊಂದನೇ ಗೇಟೊಂದೇ ಪಾಸು," ಅಂದ ಮ್ಯಾನೇಜರ್. "ಕೇಳಿ."

ಡಬ್ಬಿಯಲ್ಲಿ ದಫೇದಾರರ ಗಂಟಲು ವ್ಯಾನಿನ ಕಥೆ ಪೂರ್ತಿ ಹೇಳಿತು. ಆಚೆಯಿಂದ ಒಂದು ಮುದಿ ದನಿ ಕಿರುಚಿತು: "ಏನು? ಯಾರು? ನಂಗೆ ಕಿವಿ ಕೇಳ್ಸಲ್ಲ ಮಾರಾಯ. ಏನಿದ್ರೂ ಎದುರಿಗೆ ಬಂದು ಕೈಸನ್ನೆ ಮಾಡು." ಟಪ್ ಅಂತ ಫೋನು ಇಟ್ಟ ಸದ್ದು.

ಮ್ಯಾನೇಜರ್ ಹೊಟ್ಟೆ ಹಿಡಿದು ನಕ್ಕ. "ಈ ಅಜ್ಜ ಒಂದು ಪಾಠಾನೂ ಮುಗಿಸಿಲ್ಲ! ಎಲ್ಲಾ ದನಿಯಲ್ಲಿದೆ, ಕೇಳ್ಸಲ್ಲ ಅಂತ ಕೂತಿದ್ದ. ಪಾಠ ಪಾಸಾದವರೆಲ್ಲ ಫೇಲು, ಫೇಲಾದವನು ಪಾಸು."

ಮೇಡಂ ನಗಲಿಲ್ಲ. "ಒಂದು ಸಾಲು ಇತ್ತು," ಅಂದಳು, ಮೇಜು ನೋಡುತ್ತಾ. "'ನಂದೇ ದನಿ ಬಂದ್ರೂ ಇಡು' ಅಂತ ದಫೇದಾರರು ಹೇಳಿದ್ದರು. ಪಾಠ ಏಳು ನಿಮಿಷ ದಾಟ್ತಿತ್ತು. ಆ ಸಾಲು ನಾನೇ ಕತ್ತರಿಸಿದೆ."

ದಫೇದಾರರಿಗೆ ನೆನಪಿತ್ತು. ಹೇಳಿದ್ದು ನೆನಪಿತ್ತು, ಅದು ಪಾಠದಲ್ಲಿ ಇಲ್ಲ ಅನ್ನುವುದು ಗೊತ್ತಿರಲಿಲ್ಲ. ತಮ್ಮ ಪಾಠವನ್ನು ತಾವೇ ಒಂದು ದಿನವೂ ಕೇಳಿಸಿಕೊಂಡವರಲ್ಲ.

"ಮೂರನೇ ಗೇಟು ಕೊನೆಗಿಟ್ಟಿದ್ದೀನಿ," ಅಂದ ಮ್ಯಾನೇಜರ್. "ಅದು ಎರಡು ಕರೆ."

ದಫೇದಾರರ ಬೆನ್ನು ನೆಟ್ಟಗಾಯಿತು. ಮೂರನೇ ಗೇಟು ಔಷಧಿ ಗೋದಾಮು. ಅಲ್ಲಿ ಹಗಲು ಪಾಳಿಗೆ ನಿಲ್ಲುವವಳು ಅವರ ಮಗಳು.

ಈ ಸಂಗತಿ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ, ಗಂಡ ಬಿಟ್ಟುಹೋಗಿ, ಚಿಕ್ಕ ಮಗುವನ್ನು ಕಟ್ಟಿಕೊಂಡು ಕೆಲಸ ಹುಡುಕುವಾಗ ಅವಳೇ ಅರ್ಜಿ ಹಾಕಿ, ಅವಳೇ ಓಡಿ, ಅವಳೇ ಲಾಠಿ ತಿರುಗಿಸಿ ಪಾಸಾಗಿದ್ದಳು. ದಫೇದಾರರು ಆಗಿನ್ನೂ ಎಲ್ಲ ಗೇಟುಗಳ ಮೇಲೆ ಇದ್ದವರು. ಸಂಬಂಧಿಕರು ಒಬ್ಬರ ಕೈಕೆಳಗೆ ಒಬ್ಬರು ಇರಬಾರದು ಅಂತ ಕಂಪನಿಯ ನಿಯಮ. "ಗೇಟಲ್ಲಿ ನನ್ನನ್ನ ಅಪ್ಪಾ ಅನ್ನಬೇಡ," ಅಂದಿದ್ದರು ಮೊದಲ ದಿನ. "ದಫೇದಾರ್ರೇ ಅನ್ನು." ಅವಳು ಹಾಗೇ ಅಂದಳು. ಅವರು ಅವಳನ್ನು 'ಮೂರನೇ ಗೇಟು' ಅಂದರು. ಮನೆಗೆ ಬಂದಾಗ ಅದೂ ಇಲ್ಲ. 'ನೋಡು', 'ಏಯ್', ಅಷ್ಟೆ. ಯೂನಿಫಾರ್ಮ್ ಬಿಚ್ಚಿ ಮೊಳೆಗೆ ತೂಗುಹಾಕುತ್ತಿದ್ದ ಮನುಷ್ಯ ಗೇಟಿನ ದನಿಯನ್ನು ಮಾತ್ರ ಯಾವತ್ತೂ ಬಿಚ್ಚಿಡಲಿಲ್ಲ. ಅವಳು ಹುಟ್ಟಿದಾಗಿನಿಂದ ಹಾಗೇ.

ಮೊದಲ ಕರೆ. ಅದೇ ಕೆಮ್ಮು, ಅದೇ ವ್ಯಾನು. ಮಗಳ ದನಿ ಚೂರೂ ಅಲುಗಲಿಲ್ಲ: "ಫೋನ್ ಇಡಿ ದಫೇದಾರ್ರೇ. ನಾನೇ ತಿರುಗಿ ಮಾಡ್ತೀನಿ."

ಭೇಷ್ ಅನ್ನುವುದು ದಫೇದಾರರ ಬಾಯಿತನಕ ಬಂತು.

"ಸರಿಯಾಗೇ ಮಾಡಿದ್ಲು," ಅಂದ ಮ್ಯಾನೇಜರ್. "ನಿಮ್ಮ ನಂಬರಿಗೆ ತಿರುಗಿ ಮಾಡಿದ್ಲು. ನೀವು ಎತ್ತಲಿಲ್ಲ. ಗೂಡೊಳಗೆ ರೆಕಾರ್ಡಿಂಗಲ್ಲಿದ್ರಿ, ಆ ಹೊತ್ತು ನೋಡಿಯೇ ಡ್ರಿಲ್ ಇಟ್ಟಿದ್ದು. ನಾನಂದೆ, ನಿಜವಾದ ಕಳ್ಳ ಒಂದು ಸಲಕ್ಕೆ ಬಿಡ್ತಾನಾ? ಇನ್ನೊಂದು ಹಾಕಿ, ಸ್ವಲ್ಪ ಬಿಗಿಯಾಗಿ."

ಎರಡನೇ ಕರೆ ಶುರುವಾಯಿತು. ಮೊದಲು ಕೆಮ್ಮು. ಆಮೇಲೆ:

"ಊಟ ಆಯ್ತಾ ಮಗಳೇ? ಬೆಳಗ್ಗಿಂದ ಏನೂ ತಿಂದ ಹಾಗಿಲ್ಲ."

ಆ ಕಡೆ ಸದ್ದಿಲ್ಲ. ದೂರದಲ್ಲಿ ಯಾವುದೋ ಲಾರಿ ಗೇರು ಬದಲಿಸಿತು. ಮೌನ ಎಷ್ಟು ಉದ್ದವಿತ್ತೆಂದರೆ ಮೇಡಂ ಕರೆ ಕಡಿದಿದೆಯೇನೋ ಅಂತ ಡಬ್ಬಿಯ ಕಡೆ ಕೈ ಚಾಚಿದಳು. ಅವಳಿಗೆ ಗೊತ್ತಿದ್ದ ಮೌನವೇ, ಆದರೂ ಚಾಚಿದಳು.

"ಇನ್ನೂ ಇಲ್ಲ ಅಪ್ಪಾ," ಅಂದಿತು ಡಬ್ಬಿ. ಆ ದನಿ ಮೂರನೇ ಗೇಟಿನದಲ್ಲ. ಫ್ರಾಕು ಹಾಕಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದ ಒಂದು ಮಗುವಿನದು. "ಈಗ ಮಾಡ್ತೀನಿ. ನೀವು ಮಾಡಿದ್ರಾ?"

"ಆಯ್ತು. ನನ್ನ ಫೋನು ಸತ್ತಿದೆ, ಅದಕ್ಕೆ ನೀನು ಮಾಡಿದಾಗ ಎತ್ತೋಕೆ ಆಗಲಿಲ್ಲ. ಆ ವ್ಯಾನು ಬಿಡು."

"ಬಿಡ್ತೀನಿ ಅಪ್ಪಾ."

ಮೂರನೇ ಗೇಟಿನ ಗಾಲಿಗೆ ಎಣ್ಣೆ ಬಿಟ್ಟಿತ್ತು. ಸದ್ದೇ ಬರಲಿಲ್ಲ.

"ನೋಡಿ, ಈಯಮ್ಮ ಅಪ್ಪಾ ಅಂತ ಒಂದೇ ಸಲಕ್ಕೆ ಕರಗಿಹೋದ್ಲು," ಅಂದ ಮ್ಯಾನೇಜರ್, ಇಂಟು ಹಾಕುತ್ತಾ. "ಬಿಸಿಲಲ್ಲಿ ನಿಂತವರಿಗೆ ಊಟದ ಮಾತು ಕೇಳಿದ್ರೆ ಸಾಕು. ಹನ್ನೊಂದು ಜನ. ಐದು ಗಂಟೆಗೆ ಎಲ್ಲರಿಗೂ ಮೆಸೇಜ್ ಹೋಗುತ್ತೆ, ನಾಳೆಯಿಂದ ಗೇಟಿನ ಡ್ಯೂಟಿ ಇಲ್ಲ. ನೀವು ಮತ್ತೆ ಪಾಠ ಹೇಳ್ಕೊಡಿ."

ಆ ಊಟದ ಮಾತೂ ಯಂತ್ರ ಹೇಳಿದ್ದು ಅಂತ ದಫೇದಾರರ ಮನಸ್ಸು ಹೇಳುತ್ತಿತ್ತು. ಕಿವಿ ಒಪ್ಪುತ್ತಿರಲಿಲ್ಲ. ವ್ಯಾನು ಬಿಡು ಅಂದಾಗ ದನಿಯಲ್ಲಿ ಏನೋ ಒಂದು ಚಪ್ಪಟೆ ಇತ್ತು. ಊಟ ಆಯ್ತಾ ಅಂದಾಗ ಅದಿರಲಿಲ್ಲ.

"ಆ ಮೊದಲನೇ ಮಾತು," ಅಂದರು ಮೇಡಂ ಕಡೆ ತಿರುಗಿ. "ಅದು... ಅದನ್ನ ಯಂತ್ರ ಮಾಡಿದ್ದಾ?"

ಅವಳು ತಲೆ ಅಲ್ಲಾಡಿಸಿದಳು. "ಇಲ್ಲ. ಅದು ನೀವೇ. ಮಟ್ಟ ನೋಡುವಾಗ ನನಗೆ ಅಂತೀರಲ್ಲ, ಅದನ್ನೇ ಕತ್ತರಿಸಿ ಸೇರಿಸಿದೆ. ಯಂತ್ರಕ್ಕೆ ಅಷ್ಟು ಚೆನ್ನಾಗಿ ಹೇಳೋಕೆ ಬರಲ್ಲ."

ದಫೇದಾರರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

"ಅವಳು ನನ್ನ ಮಗಳು," ಅಂದರು.

"ಎಲ್ಲಾ ಗಾರ್ಡುಗಳೂ ನಿಮ್ಮ ಮಕ್ಕಳೇ ದಫೇದಾರ್ರೇ..." ಅಂದ ಮ್ಯಾನೇಜರ್.

"ಅಲ್ಲಪ್ಪಾ. ನನ್ನ ಮಗಳು. ನಾನು ಹುಟ್ಟಿಸಿದ್ದು. ಮೂರನೇ ಗೇಟು ನನ್ನ ಮಗಳು."

ಮೇಡಂ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮ್ಯಾನೇಜರ್ ಪೆನ್ನಿನ ಕ್ಯಾಪು ಹಾಕಿದ, ತೆಗೆದ, ಮತ್ತೆ ಹಾಕಿದ.

"ಇದನ್ನ ನಾಲ್ಕು ವರ್ಷದಿಂದ ಹೇಳಿಲ್ಲ ನೀವು," ಅಂದ ಕೊನೆಗೆ. "ಅದು ಇನ್ನೊಂದು ತಪ್ಪಾಯ್ತಲ್ಲ. ಇದನ್ನೂ ಬರೆದ್ರೆ ಅವಳಿಗೇ ತೊಂದರೆ."

"ಮೊದಲ ಕರೆಯಲ್ಲಿ ಅವಳೊಬ್ಬಳೇ ಸರಿಯಾಗಿ ಮಾಡಿದ್ದು," ಅಂದಳು ಮೇಡಂ. ಅವಳ ಕಣ್ಣು ಕೆಂಪಾಗಿತ್ತು. "ಎರಡನೇದು ಪರೀಕ್ಷೆ ಅಲ್ಲ. ಸೋತಿದ್ದು ಅವರಲ್ಲ, ನಮ್ಮ ಪಾಠ. ನಾನು ವರದಿಯಲ್ಲಿ ಹಾಗೇ ಬರೀತೀನಿ."

"ಬರೀರಿ. ಮೇಲಿನವರು ಓದೋದು ಮುಂದಿನ ವಾರ. ಗೇಟು ತೆಗೆದಿದ್ದು ತೆಗೆದಿದ್ದೇ, ಪಟ್ಟಿ ಐದು ಗಂಟೆಗೆ ಹೋಗುತ್ತೆ."

ಗೋಡೆ ಗಡಿಯಾರದಲ್ಲಿ ಮೂರೂಮುಕ್ಕಾಲು. ದಫೇದಾರರು ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ ಹೊರಟರು. ಮೇಡಂ ಮೆಟ್ಟಿಲತನಕ ಓಡಿಬಂದಳು. "ನಂಗೆ ಗೊತ್ತಿರಲಿಲ್ಲ ದಫೇದಾರ್ರೇ, ದೇವರಾಣೆ ಗೊತ್ತಿರಲಿಲ್ಲ." ಅವರು ತಲೆಯಾಡಿಸಿದರು. ಒಳಗೆ ಹೋಗು ಮಗಳೇ ಅನ್ನಬೇಕಿತ್ತು, ಅನ್ನುತ್ತಿದ್ದರು ಕೂಡ. ಇವತ್ತು ಆ 'ಮಗಳೇ' ಅನ್ನದೆ ಮೆಟ್ಟಿಲಿಳಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ರಸ್ತೆ ಕಾಣಿಸಲಿಲ್ಲ. ಈ ಮೂರು ದಿನ ಒಂದೊಂದಾಗಿ ಕಣ್ಣ ಮುಂದೆ ಬಂತು.

ಮೂರು ಬೀದಿ ಆಚೆ ಬಾಡಿಗೆಗಿರುವ ಮಗಳು ವಾರಕ್ಕೊಮ್ಮೆ ಮಗುವನ್ನು ಕರೆದುಕೊಂಡು ಬಂದು, ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಮಾತಾಡಿ ಹೋಗುವವಳು. ಈ ಮೂರು ದಿನ ದಿನವೂ ಬಂದಿದ್ದಳು. ಮೊದಲ ಸಂಜೆ ಇವರ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು. "ಮಧ್ಯಾಹ್ನ ಮಾತಾಡಿದ್ರಲ್ಲ, ಆಮೇಲೆ ಉಂಡೆ," ಅಂದಿದ್ದಳು. ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಯಾವ ಮಾತು, ಏನು ಅಂತ ಕೇಳದೆ "ಹೂಂ" ಅಂದಿದ್ದರು. ಎಲ್ಲದಕ್ಕೂ ಅನ್ನುವ ಹಾಗೆ. ಎರಡನೇ ದಿನ ಇವರಿಗೆ ಒಂದು ಜೊತೆ ಮೆತ್ತನೆ ಚಪ್ಪಲಿ ತಂದಳು; ಹಿಮ್ಮಡಿ ಒಡೆದದ್ದು ಯಾವಾಗ ನೋಡಿದ್ದಳೋ. ನಿನ್ನೆ ಹೊರಡುವಾಗ ಬಾಗಿಲಲ್ಲಿ ನಿಂತು, "ಊಟ ಮಾಡಿ ಅಪ್ಪಾ, ತಡ ಮಾಡಬೇಡಿ" ಅಂದಳು. ಅವಳು ಹೋದ ಮೇಲೆ ಹೆಂಡತಿ, "ಏನ್ರೀ ಇದು, ನಿಮ್ಮ ಮಗಳು ಪಾಟೀಚೀಲ ಹಿಡ್ಕೊಂಡ ಹುಡುಗಿ ಹಾಗೆ ಕುಣೀತಿದ್ದಾಳೆ?" ಅಂದಿದ್ದಳು. "ನಂಗೇನು ಗೊತ್ತು," ಅಂದಿದ್ದರು ಇವರು, ಹೊಸ ಚಪ್ಪಲಿಯಲ್ಲಿ ಕಾಲು ಆಡಿಸುತ್ತಾ.

ಇನ್ನೂ ಒಂದಿತ್ತು. ಆವತ್ತು ಗೂಡಿನಿಂದ ಹೊರಗೆ ಬಂದು ತಟ್ಟೆಯಿಂದ ಫೋನು ಎತ್ತಿಕೊಂಡಾಗ ತಪ್ಪಿದ ಕರೆಯ ಕೆಂಪು ಗುರುತು ಇತ್ತು. ಮಗಳದು. ಏನಾದರೂ ಇದ್ದರೆ ಅವಳೇ ಮತ್ತೆ ಮಾಡುತ್ತಾಳೆ ಅಂತ ಜೇಬಿಗೆ ಹಾಕಿಕೊಂಡಿದ್ದರು. ಆ ಬೆಳಗ್ಗೆಯಷ್ಟೇ ಇನ್ನೊಂದು ಪಾಠಕ್ಕಾಗಿ ಮೈಕಿನ ಮುಂದೆ ಕೂತು, ತಿರುಗಿ ಮಾಡು, ತಿರುಗಿ ಮಾಡು ಅಂತ ನಾಲ್ಕು ಸಲ ಹೇಳಿದ್ದವರು.

ಗೋದಾಮಿನ ಸ್ಟಾಪಿನಲ್ಲಿ ಇಳಿದಾಗ ಐದಕ್ಕೆ ಕಾಲುಗಂಟೆ ಉಳಿದಿತ್ತು. ಮಗಳು ಗೇಟಿನ ಪಕ್ಕದ ಗಾಜಿನ ಕ್ಯಾಬಿನ್ನಿನಲ್ಲಿ ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದಳು. ಇವರನ್ನು ಕಂಡದ್ದೇ ಎದ್ದಳು. ಮುಖ ಅರಳಿತು. ಅದನ್ನು ನೋಡಿ ದಫೇದಾರರಿಗೆ ಬಂದ ದಾರಿಯಲ್ಲೇ ತಿರುಗಿ ಹೋಗಿಬಿಡೋಣ ಅನ್ನಿಸಿತು.

"ಬನ್ನಿ ಅಪ್ಪಾ, ಕೂತ್ಕೊಳ್ಳಿ. ಏನು ಇಷ್ಟು ದೂರ? ಚಪ್ಪಲಿ ಚುಚ್ಚುತ್ತಾ?"

"ಇಲ್ಲ." ಒಂದೇ ಸ್ಟೂಲಿತ್ತು, ಅದರ ಮೇಲೆ ಕೂತರು. ಕಿಟಕಿಯ ಕಟ್ಟೆಯಲ್ಲಿ ಅವಳ ಊಟದ ಡಬ್ಬಿ. ತೊಳೆದು ಬೋರಲು ಹಾಕಿತ್ತು. "ನೋಡು. ಮೂರು ದಿನದ ಹಿಂದೆ ಒಂದು ಬಿಳಿ ವ್ಯಾನು ಬಂತಲ್ಲ."

"ಹೂಂ. ನೀವು ಬಿಡು ಅಂದಿದ್ದು. ಚೀಟಿ ಇನ್ನೂ ಕಳಿಸಿಲ್ಲ ಅವರು, ರಿಜಿಸ್ಟರಲ್ಲಿ ಜಾಗ ಬಿಟ್ಟಿದ್ದೀನಿ."

"ಅದು ಡ್ರಿಲ್ಲು. ಫೋನ್ ಮಾಡಿದ್ದು ನಾನಲ್ಲ."

ಅವಳು ಅರ್ಥವಾಗದೆ ನೋಡಿದಳು. ದಫೇದಾರರು ಹೇಳಿದರು. ಯಂತ್ರ, ಟೈಪ್ ಮಾಡುವುದು, ಹನ್ನೆರಡು ಗೇಟು, ಕಿವುಡಜ್ಜ, ಐದು ಗಂಟೆಯ ಪಟ್ಟಿ. ಪಾಠ ಹೇಳುವ ಹಾಗೆ ಒಂದಾದ ಮೇಲೊಂದು ಹೇಳಿದರು. ಬೇರೆ ರೀತಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಮುಖ ಒಂದೊಂದೇ ದೀಪ ಆರಿಸಿದ ಮನೆಯ ಹಾಗೆ ಆಗುವುದನ್ನು ನೋಡಿದರು.

"ಗೇಟು ಹೋಗುತ್ತಾ?" ಅಂದಳು.

"ಹೋಗುತ್ತೆ. ಮೇಡಂ ಬರೀತೀನಿ ಅಂದಿದ್ದಾಳೆ. ನಾನೂ ಹೋಗಿ ಕೂರ್ತೀನಿ ಮೇಲಿನವರ ಹತ್ತಿರ. ಮೊದಲ ಸಲ ನೀನೊಬ್ಬಳೇ ಸರಿಯಾಗಿ ಮಾಡಿದ್ದು."

ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಪೆನ್ನಿನ ತುದಿಯಿಂದ ರಿಜಿಸ್ಟರಿನ ಅಂಚನ್ನು ಕೆರೆಯುತ್ತಿದ್ದಳು.

"ಊಟ ಆಯ್ತಾ ಅಂತ ಕೇಳಿದ್ದು," ಅಂದಳು, ತಲೆ ಎತ್ತದೆ. "ಅದೂ ಟೈಪ್ ಮಾಡಿದ್ದಾ?"

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಯಂತ್ರದ ಮೇಲೆ ಹಾಕಿ ಎದ್ದು ಹೋಗಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷದಲ್ಲಿ ಗೇಟಿನ ಹತ್ತಿರ ನಿಂತು ಸುಳ್ಳು ಹೇಳಿದವರಲ್ಲ ಅವರು.

"ಅಲ್ಲ. ಅದು ನಾನೇ ಅಂದಿದ್ದು."

ಅವಳು ತಟ್ಟನೆ ತಲೆ ಎತ್ತಿದಳು.

"ಆ ಪಾಠದ ಮೇಡಂಗೆ," ಅಂದರು ದಫೇದಾರರು. "ಮೈಕ್ ಪರೀಕ್ಷೆ ಮಾಡುವಾಗ. ಅದನ್ನ ಕತ್ತರಿಸಿ ಹಾಕಿದ್ರು."

ಹೊರಗೆ ಒಂದು ಕಾಗೆ ಗೇಟಿನ ಮೇಲೆ ಕೂತು ಹಾರಿಹೋಯಿತು. ಅವಳು ಅಳಲಿಲ್ಲ. ಸಣ್ಣಗೆ ನಕ್ಕ ಹಾಗೆ ಮಾಡಿದಳು. ಅದನ್ನು ನೋಡುವುದಕ್ಕಿಂತ ಅತ್ತಿದ್ದರೇ ಚೆನ್ನಾಗಿತ್ತು.

"ಅವಳಿಗೆ ದಿನಾ ಅಂತೀರಾ?"

"ಹೂಂ."

"ಓ," ಅಂದಳು.

ಅವಳ ಜೇಬಿನಲ್ಲಿ ಫೋನು ಟಿಂಗ್ ಅಂದಿತು. ಐದು ಗಂಟೆ. ತೆಗೆದು ಓದಿದಳು, ತುಟಿ ಅಲ್ಲಾಡಿಸದೆ. "ನಾಳೆಯಿಂದ ಇಲ್ಲಿಗೆ ಹನ್ನೊಂದನೇ ಗೇಟಿನ ಅಜ್ಜ ಬರ್ತಾರಂತೆ," ಅಂದಳು. "ಒಳ್ಳೇದಾಯ್ತು ಬಿಡಿ. ಅವರಿಗೆ ಯಾರು ಏನಂದ್ರೂ ಕೇಳ್ಸಲ್ಲ."

ದಫೇದಾರರು ಬಾಯಿ ತೆರೆದರು. ಏನಾದರೂ ಅನ್ನಬೇಕು; ಏನೇ ಅಂದರೂ ಅದು ಅವಳಿಗೆ ಆ ಡಬ್ಬಿಯ ದನಿಯ ಹಾಗೇ ಕೇಳಿಸುತ್ತದೆ ಅನ್ನಿಸಿತು. ಅಷ್ಟರಲ್ಲಿ ಗೇಟಿನ ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಅವಳು ಟೋಪಿ ಸರಿಮಾಡಿಕೊಂಡು ಹೊರಗೆ ಹೋದಳು.

ಗಾಜಿನೊಳಗಿಂದ ಅವರು ನೋಡುತ್ತಾ ಕೂತರು. ಅವಳು ಡ್ರೈವರನ ಚೀಟಿ ತೆಗೆದುಕೊಂಡಳು. ನಂಬರು ಪ್ಲೇಟಿನ ಮುಂದೆ ಬಗ್ಗಿ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿದಳು. ಡ್ರೈವರ್ ತನ್ನ ಫೋನು ಚಾಚಿ, ಯಾರ ಹತ್ತಿರವೋ ಮಾತಾಡು ಅನ್ನುವ ಹಾಗೆ ಸನ್ನೆ ಮಾಡಿದ. ಅವಳು ಕೈ ಅಡ್ಡ ಹಿಡಿದು ಬೇಡ ಅಂದಳು. ತನ್ನ ಫೋನಿನಿಂದ ಗೋದಾಮಿನ ಒಳಗೆ ಕರೆ ಮಾಡಿ, ಕೇಳಿ, ತಲೆಯಾಡಿಸಿ ಗೇಟು ತಳ್ಳಿದಳು. ನಾಳೆ ಈ ಗೇಟು ಇಲ್ಲ ಅನ್ನುವವಳ ಕೆಲಸದ ಹಾಗಿರಲಿಲ್ಲ ಅದು. ಗಾಲಿ ಸದ್ದಿಲ್ಲದೆ ಉರುಳಿತು. ಲಾರಿ ಒಳಗೆ ಹೋಯಿತು. ಅವಳು ಗೇಟು ಮುಚ್ಚಿ, ಕ್ಯಾಬಿನ್ನಿಗೆ ಬರದೆ ಅಲ್ಲೇ ಕಂಬಿ ಹಿಡಿದು ರಸ್ತೆಯ ಕಡೆ ಮುಖ ಮಾಡಿ ನಿಂತಳು.

ದಫೇದಾರರು ತಮ್ಮ ಫೋನು ತೆಗೆದರು. ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. ಮೂರು ದಿನದ ಹಿಂದಿನ ಆ ಕೆಂಪು ಗುರುತು ಹಾಗೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಒತ್ತಿದರು.

ಹತ್ತು ಹೆಜ್ಜೆ ಆಚೆ ಅವಳ ಫೋನು ರಿಂಗಾಯಿತು. ಅವಳು ತೆಗೆದು ನೋಡಿದಳು. ತಿರುಗಿ ಗಾಜಿನ ಕಡೆ ನೋಡಿದಳು. ರಿಂಗಾಗುತ್ತಲೇ ಇತ್ತು. ಆಮೇಲೆ ಹೆಬ್ಬೆರಳಿನಿಂದ ಕರೆ ಕತ್ತರಿಸಿದಳು.

ದಫೇದಾರರು ಫೋನನ್ನು ಕಿವಿಯಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ತೆರೆ ಆರಿಹೋಯಿತು. ಗೇಟಿನ ಕಂಬಿಗಳ ನೆರಳು ಉದ್ದವಾಗಿ ಕ್ಯಾಬಿನ್ನಿನ ಮೆಟ್ಟಿಲತನಕ ಬಂದಿತ್ತು. ಅವಳು ಅಲ್ಲೇ ನಿಂತಿದ್ದಳು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಫೋನು ಹಿಡಿದು.

ತೊಡೆಯ ಮೇಲೆ ಫೋನು ನಡುಗಿತು. ತೆರೆಯಲ್ಲಿ ಅವಳ ನಂಬರು.

ದಫೇದಾರರು ಅದನ್ನು ಕಿವಿಗಿಟ್ಟುಕೊಂಡರು. ಮೊದಲು ಒಂದು ಸಣ್ಣ ಕೆಮ್ಮು ಬಂತು.